ಮೊದಲ ತುಂಡು ಇಲ್ಲೇ ತಿನ್ನಬೇಕು

ಅವರ ಬಲ ಅಂಗೈಯಲ್ಲಿ ಒಂದೂ ರೇಖೆ ಇರಲಿಲ್ಲ. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಚರ್ಮವು ನುಣುಪಾಗಿ, ನಸುಗೆಂಪಾಗಿ ಹೊಳೆಯುತ್ತಿತ್ತು. ನಡುವಿನ ಎರಡು ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಬಸ್ ನಿಲ್ದಾಣದ ಬಳಿ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಆ ಅಂಗೈಯನ್ನು ಕಂಡು ತಬ್ಬಿಬ್ಬಾದಾಗ, "ಏನ್ ಹುಡುಕ್ತೀಯಪ್ಪಾ, ಎಲ್ಲಾ ಬೆಂದೋಗೈತೆ" ಎಂದು ನಕ್ಕಿದ್ದರು. ಅದು ಬೆಂದದ್ದು ನನ್ನ ಮನೆಯ ಹೊಸ್ತಿಲಿನೊಳಗೆ. ಆ ಸಂಗತಿಯನ್ನು ಅದರ ಸ್ಥಾನದಲ್ಲಿ ಹೇಳುತ್ತೇನೆ. ಕ್ರಮ ತಪ್ಪಿ ಹೇಳುವುದು ನನ್ನಿಂದಾಗದು.

ಮುಳಬಾಗಿಲಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ. ಚಿಕ್ಕಿ ಮಾಡುತ್ತಿದ್ದ ಕಾರಣ ಬೀದಿಯವರೆಲ್ಲ ಅವರನ್ನು ಚಿಕ್ಕಿಯಮ್ಮ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರಿಗೆ ಅರವತ್ತು ದಾಟಿತ್ತು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಅವರ ಬಾಯಲ್ಲಿ ಟೀಚರಮ್ಮ.

ಅವರ ಅಡುಗೆಮನೆಯಲ್ಲಿ ಮೃದುವಾದ ಕೆಲಸವೆಂಬುದೇ ಇರಲಿಲ್ಲ. ಬೆಲ್ಲದ ಅಚ್ಚನ್ನು ಗೋಣಿಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ಬಡಿಯುತ್ತಿದ್ದರು. ಆ ಹೊಡೆತಕ್ಕೆ ನಮ್ಮ ಗೋಡೆಯ ಕ್ಯಾಲೆಂಡರ್ ಅಲುಗುತ್ತಿತ್ತು. ಹುರಿದ ಕಡಲೆಕಾಯಿ ಬೀಜವನ್ನು ಮೊರದಲ್ಲಿ ಉಜ್ಜಿ ಸಿಪ್ಪೆ ಬಿಡಿಸುವಾಗ ಹಗೆ ತೀರಿಸಿಕೊಳ್ಳುವವರಂತೆ ಹಲ್ಲು ಕಚ್ಚುತ್ತಿದ್ದರು. ಕುದಿಯುವ ಪಾಕಕ್ಕೂ ಬೈಗುಳ ತಪ್ಪುತ್ತಿರಲಿಲ್ಲ: "ಉಕ್ಕು, ಉಕ್ಕು! ನಿನ್ ಸೊಕ್ಕು ಇಳಿಸ್ತೀನಿ ಇರು."

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಚಿಕ್ಕಿಗೆ ಬಂದ ಹೆಂಗಸರಿಗೆ ಮೊದಲ ತುಂಡನ್ನು ಕಟ್ಟಿ ಕೊಡುತ್ತಿರಲಿಲ್ಲ. "ಮೊದಲ ತುಂಡು ಇಲ್ಲೇ ತಿನ್ಬೇಕು. ಆಮೇಲೆ ಡಬ್ಬಿ ತುಂಬ್ಕೊಂಡು ಹೋಗು." ಗಂಡಸರಿಗೆ ಈ ನಿಯಮವಿರಲಿಲ್ಲ. "ಹೊಗಳಿಸ್ಕೊಳ್ಳೋ ಚಟ ಕಣ್ರೀ ಟೀಚರ್, ಈ ಮುದುಕಿಗೆ" ಎಂದು ಎದುರುಮನೆಯಾಕೆ ನನ್ನ ಕಿವಿಯಲ್ಲಿ ಉಸುರಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ನಾವು ಹೊಗಳುವಾಗ ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವರ ಕಣ್ಣು ನಮ್ಮ ಕೆನ್ನೆಯ ಮೇಲೆ ನೆಟ್ಟಿರುತ್ತಿತ್ತು.

ನನ್ನ ಗಂಡನಾಗಿದ್ದವನು ಕಾಲೇಜು ಉಪನ್ಯಾಸಕ; ಊರಿನ ಸಭೆಗಳಲ್ಲಿ ಹೆಣ್ಣಿನ ಘನತೆಯ ಬಗ್ಗೆ ನಿರರ್ಗಳವಾಗಿ ಮಾತನಾಡುತ್ತಿದ್ದ. ಮನೆಯೊಳಗೆ ಅವನ ಕೈ ಮಾತನಾಡುತ್ತಿತ್ತು. ಹನ್ನೊಂದು ವರ್ಷ. ಬೆನ್ನು, ಸೊಂಟ, ತೊಡೆ, ತೋಳಿನ ಮೇಲ್ಭಾಗ: ಬಟ್ಟೆ ಮುಚ್ಚುವ ಜಾಗಗಳನ್ನೇ ಅವನು ಎಚ್ಚರದಿಂದ ಆರಿಸುತ್ತಿದ್ದ. ನಾನೂ ಅಷ್ಟೇ ಎಚ್ಚರದಿಂದ ಸದ್ದು ಮಾಡದೆ ಹೊಡೆಸಿಕೊಳ್ಳುತ್ತಿದ್ದೆ. ತರಗತಿಯಲ್ಲಿ ಒಂದು ಕೊಂಬು ತಪ್ಪಿದರೂ ಬಿಡದವಳು ಹೊಡೆಸಿಕೊಳ್ಳುತ್ತಾಳೆ ಎಂಬುದು ಬೀದಿಗೆ ತಿಳಿಯಬಾರದಿತ್ತು.

ಒಂದು ಶ್ರಾವಣದಲ್ಲಿ, ತನ್ನ ತಮ್ಮನ ಗೃಹಪ್ರವೇಶಕ್ಕೆಂದು ಅವನು ಬರೆದಿದ್ದ ಆಹ್ವಾನ ಪತ್ರಿಕೆಯಲ್ಲಿ ಮೂರು ತಪ್ಪುಗಳನ್ನು ನೆಂಟರೆದುರು ತೋರಿಸಿದೆ. ನೆಂಟರು ಹೋದರು. ಅಂದು ಅವನಿಗೆ ಜಾಗ ಆರಿಸುವ ಎಚ್ಚರ ಉಳಿಯಲಿಲ್ಲ. ಮುಷ್ಟಿ ಎಡದವಡೆಗೆ ಬಿತ್ತು. ಒಣಗಿದ ಕಡ್ಡಿ ಮುರಿದಂತಹ ಸದ್ದು ನನ್ನ ಕಿವಿಯ ಒಳಗಿನಿಂದ ಕೇಳಿಸಿತು.

ಆಸ್ಪತ್ರೆಯಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದೆ ಎಂದೆ. ಎಕ್ಸ್‌ರೇ ತೆಗೆದು, ಮೂಳೆ ಬಿರುಕು ಬಿಟ್ಟಿದೆ, ಗಟ್ಟಿ ಪದಾರ್ಥ ತಿನ್ನಬೇಡಿ ಎಂದರು. ಶಾಲೆಯಲ್ಲಿ ಹಲ್ಲುನೋವು ಎಂದೆ. ಎರಡು ಸುಳ್ಳುಗಳೂ ಚೆನ್ನಾಗಿ ನಡೆದವು. ಹತ್ತನೆಯ ದಿನ ಊತ ಇಳಿಯಿತು. ಅವನು ತನ್ನ ಅಕ್ಕನಿಗೆ ಚಿಕ್ಕಿ ತರಲು ನನ್ನನ್ನೇ ಕಳುಹಿಸಿದ.

"ತಗೋ ಟೀಚರಮ್ಮ, ತಿನ್ನು."

"ಮನೆಗೆ ಹೋಗಿ ತಿನ್ತೀನಿ ಚಿಕ್ಕಿಯಮ್ಮ."

"ಇಲ್ಲೇ."

ಬಾಯಿಗೆ ಹಾಕಿಕೊಂಡೆ. ಕೆನ್ನೆಗೆ ಒತ್ತರಿಸಿ, ಬೆಲ್ಲ ಕರಗಲೆಂದು ಕಾದೆ. ಅವರು ನೋಡುತ್ತಲೇ ಇದ್ದರು.

"ಹಲ್ಲುನೋವು" ಎಂದೆ.

"ಹಲ್ಲುನೋವಿನೋರು ಇನ್ನೊಂದು ಕಡೆ ಅಗೀತಾರೆ. ನೀನು ಅಗೀತಾನೇ ಇಲ್ಲ." ಒಲೆ ಆರಿಸಿ ಹತ್ತಿರ ಬಂದರು. "ನೋರು ತೆರು!" ಮನಸ್ಸು ಕಲಕಿದಾಗಲೆಲ್ಲ ಅವರ ಬಾಯಿಗೆ ತೆಲುಗು ಬರುತ್ತಿತ್ತು. ಬಾಯಿ ತೆರೆ ಎಂದದ್ದು. ನಾನು ತೆರೆಯಲಿಲ್ಲ. ಡಬ್ಬಿ ಎತ್ತಿಕೊಂಡು ಬಂದುಬಿಟ್ಟೆ.

ಮರುದಿನ ಹಿತ್ತಲಿನ ಗೋಡೆಯ ಮೇಲಿನಿಂದ ಒಂದು ಪೊಟ್ಟಣ ಇಳಿಯಿತು. ಅದರೊಳಗೆ ಚಿಕ್ಕಿಯಂತೆ ಕಾಣುವ, ಆದರೆ ಬೆರಳಿಟ್ಟರೆ ಬಾಗುವ ಬಿಲ್ಲೆಗಳು. ಮಾಡುವ ವಿಧಾನವನ್ನು ಮುಂದೆ ಅವರೇ ಕಲಿಸಿದರು. ಚಿಕ್ಕಿಯ ಪಾಕವನ್ನು ನೀರಿಗೆ ಬಿಟ್ಟು ತೆಗೆದು ತಟ್ಟೆಗೆ ಬಡಿದರೆ ಠಣ್ ಎನ್ನಬೇಕು. ಇದಕ್ಕೆ ಅಷ್ಟು ಕಾಯಿಸಬಾರದು. ನೀರಿನೊಳಗೆ ಬೆರಳಿಗೆ ಮೇಣದಂತೆ ಸಿಕ್ಕುವಾಗಲೇ ಇಳಿಸಬೇಕು. ಹುರಿದ ಓಟ್ಸ್, ರಾಗಿ ಹುರಿಹಿಟ್ಟು, ಅರೆದ ಕಡಲೆಕಾಯಿ ಬೀಜ, ನೆನೆಸಿ ಹಿಸುಕಿದ ಖರ್ಜೂರ, ಸ್ವಲ್ಪ ತುಪ್ಪ ಬೆರೆಸಿ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ಬಲವಾಗಿ ಒತ್ತಿ, ಬೆಚ್ಚಗಿರುವಾಗಲೇ ಕತ್ತರಿಸಬೇಕು. ಎದುರುಮನೆಯ ಕಾಲೇಜು ಹುಡುಗಿ ಅದನ್ನು ತಿಂದು, "ಅಜ್ಜೀ, ಇದು ಗ್ರಾನೋಲಾ ಬಾರ್! ಅಂಗಡೀಲಿ ಪ್ಯಾಕೆಟ್ ಬರುತ್ತಲ್ಲ, ಅದೇ" ಎಂದಳು.

"ಯಾವ ನೋಲಾನೋ ನನಗೇನ್ ಗೊತ್ತು" ಎಂದ ಚಿಕ್ಕಿಯಮ್ಮ ಅಂದಿನಿಂದಲೇ ಅದನ್ನು 'ಗರನೋಲ' ಎಂದು ಜಂಬದಿಂದ ಕರೆಯತೊಡಗಿದರು. ಒಬ್ಬೊಬ್ಬರಿಗೆ ಒಂದೊಂದು ಬಗೆ. ಮಠದ ಕಡೆಯ ಪುರೋಹಿತರಿಗೆ ಶುಂಠಿ, ಮೆಣಸು. ಮಕ್ಕಳಿಗೆ ಶ್ರೀನಿವಾಸಪುರದಿಂದ ತರಿಸಿದ ಮಾವಿನಹಣ್ಣಿನ ಹಪ್ಪಳದ ಚೂರು. ಎದುರುಮನೆಯಾಕೆಗೆ ಸಕ್ಕರೆ ಕಾಯಿಲೆಯಾದ್ದರಿಂದ ಬೆಲ್ಲ ಕಡಿಮೆ, ಎಳ್ಳು ಹೆಚ್ಚು. ನನ್ನದರಲ್ಲಿ ಮಾತ್ರ ಒಂದೇ ಒಂದು ಇಡೀ ಬೀಜವೂ ಇರುತ್ತಿರಲಿಲ್ಲ. ತಿಂಗಳುಗಳು ಕಳೆದ ಮೇಲೆ, "ವಾಸಿಯಾಯಿತಲ್ಲ, ನನಗೂ ಚಿಕ್ಕಿ ಕೊಡಿ" ಎಂದೆ.

"ನಿಂದು ಮೂಳೆ ವಾಸಿ ಆಗೈತೆ. ಬಾಯಿ ವಾಸಿ ಆಗಿಲ್ಲ. ಇನ್ನೂ ಟೈಮ್ ಐತೆ."

ಆ ದಿನವೇ, ಬೆಲ್ಲ ಬಡಿಯುತ್ತ, ತಲೆಯೆತ್ತದೆ ಮಗಳ ವಿಷಯ ಹೇಳಿದರು.

"ನನ್ ಮಗಳಿಗೆ ಚಿಕ್ಕಿ ಅಂದ್ರೆ ಪ್ರಾಣ. ಮದ್ವೆ ಆದ್ಮೇಲೆ ಗೌರಿ ಹಬ್ಬಕ್ಕೆ ಬಂದ್ಲು. ತಟ್ಟೇಲಿ ಇಟ್ಟೆ, ಮುಟ್ಲಿಲ್ಲ. 'ಅತ್ತೆ ಮನೆ ಊಟ ತಿಂದು ಅಮ್ಮನ್ ಚಿಕ್ಕಿ ಬೇಡ ಆಯ್ತೇನೇ?' ಅಂತ ಬೈದೆ. 'ಅಲ್ಲೇ ತಿನ್ತೀನಮ್ಮ, ಕಟ್ಕೊಡು' ಅಂದ್ಲು. ಕಟ್ಕೊಟ್ಟೆ. ದೀಪಾವಳಿಗೆ ಹೆಣ ಬಂತು."

ಬಾವಿಗೆ ಬಿದ್ದಳು ಎಂದು ಗಂಡನ ಮನೆಯವರು ಹೇಳಿದರಂತೆ. ಹೆಣವನ್ನು ಪರೀಕ್ಷಿಸಿದ ವೈದ್ಯರು, ದವಡೆ ಮುರಿದು ಆಗಲೇ ಎರಡು ತಿಂಗಳ ಮೇಲಾಗಿತ್ತು ಎಂದರಂತೆ.

"ಹಬ್ಬದ ದಿನ ಅವಳಿಗೆ ಅಗಿಯಕ್ಕೆ ಆಗ್ತಿರ್ಲಿಲ್ಲ ಟೀಚರಮ್ಮ. ನಾನು ಚಿಕ್ಕಿ ಕಟ್ಟಿ, ಅವರ ಮನೇಗೇ ಕಳಿಸ್ದೆ." ಗುಂಡುಕಲ್ಲು ಗೋಣಿಯ ಮೇಲೆ ಬಿತ್ತು. ಮತ್ತೆ ಬಿತ್ತು. ಒಳಗಿನ ಬೆಲ್ಲ ಆಗಲೇ ಪುಡಿಯಾಗಿತ್ತು. ಆಮೇಲೆ ಕಲ್ಲನ್ನು ಬದಿಗಿಟ್ಟು ನನ್ನನ್ನು ನೋಡಿದರು. "ಗೋಡೆ ಒಂದೇ ಐತೆ. ಕೂಗು, ಬರ್ತೀನಿ. ಕೂಗ್ದೇ ಇದ್ರೆ ನಾನು ಬಂದೂ ದಂಡ. 'ಏನಿಲ್ಲ ಚಿಕ್ಕಿಯಮ್ಮ, ಜಾರಿ ಬಿದ್ದೆ' ಅಂತೀಯ. ನಾನು ಪೆದ್ದಿ ಥರ ವಾಪಸ್ ಬರ್ಬೇಕು."

ನಾನು ಗೋಣಿ ಬಿಚ್ಚಿ, ಪುಡಿಯಾದ ಬೆಲ್ಲವನ್ನು ಡಬ್ಬಿಗೆ ಸುರಿದೆ.

ಅದಾದ ಮೇಲೆ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆಯ ಹೊತ್ತು. ಸೀರೆಗಳ ಅಡಿಯಲ್ಲಿ ನಾನು ಬಚ್ಚಿಟ್ಟಿದ್ದ ಎಕ್ಸ್‌ರೇ ಅವನ ಕೈಗೆ ಸಿಕ್ಕಿತು. "ಯಾರಿಗೆ ತೋರಿಸೋಕೆ ಇಟ್ಕೊಂಡಿದ್ದೀಯ ಇದನ್ನ?" ಎಂದ. ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ನನ್ನ ಮುಖವನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಮೂಗಿನಿಂದ ರಕ್ತ ಬಂತು. ಎರಡನೆಯ ಸಲಕ್ಕೆ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಮೂರನೆಯ ಸಲಕ್ಕೆಂದು ತಲೆಯನ್ನು ಹಿಂದಕ್ಕೆಳೆದು, "ಬಾಯ್ ಮುಚ್ಚು" ಎಂದ. ಹನ್ನೊಂದು ವರ್ಷದಲ್ಲಿ ನಾನು ಬಾಯಿ ತೆರೆದೇ ಇರಲಿಲ್ಲ.

"ಚಿಕ್ಕಿಯಮ್ಮಾ!"

ಆ ದನಿ ನನ್ನದೆಂದು ನನಗೇ ತಿಳಿಯಲಿಲ್ಲ. ಬಾಗಿಲು ಗೋಡೆಗೆ ಬಡಿಯಿತು. ಒಲೆಯ ಮೇಲಿದ್ದ ಬಾಣಲೆಯನ್ನು ಬಟ್ಟೆಯಿಲ್ಲದೆ, ಬರಿಗೈಯಲ್ಲಿ ಅಂಚು ಹಿಡಿದು ಎತ್ತಿ ತಂದಿದ್ದರು. ಒಳಗೆ ಪಾಕ ಇನ್ನೂ ಗುಳುಗುಳು ಎನ್ನುತ್ತಿತ್ತು.

"ಏಮಿರಾ! ಬಿಡು ಅವಳ್ನ."

"ಇದು ನಮ್ಮನೆ ವಿಷಯ. ನಡಿ ಆಚೆ, ಮುದುಕಿ."

"ಗೋಡೆ ನಂದೂ ಕಣೋ."

ಅವನು ಜಡೆಯನ್ನು ಬಿಡಲಿಲ್ಲ. ಇನ್ನೊಂದು ಸುತ್ತು ಸುತ್ತಿಕೊಂಡ. ಅವರು ಬಾಣಲೆಯನ್ನು ಅವನ ಮೊಣಕೈಯ ಮೇಲೆ ಬಗ್ಗಿಸಿದರು. ಪಾಕವು ನೀರಿನಂತೆ ಹರಿದು ಹೋಗುವ ವಸ್ತುವಲ್ಲ. ಬಿದ್ದಲ್ಲೇ ಕಚ್ಚಿ ಹಿಡಿಯುತ್ತದೆ. ಅವನು ಉಜ್ಜಿದ, ಉಜ್ಜಿದ ಕೈಗೂ ಅಂಟಿತು, ಬೆಲ್ಲದೊಡನೆ ಚರ್ಮವೂ ಕಿತ್ತು ಬಂತು. ಅವನು ಕಿರುಚಿದ. ಆ ಮನೆಯಿಂದ ಕೂಗು ಹೊರಬಿದ್ದುದು ಅದು ಎರಡನೆಯ ಸಲ. ಮೊದಲನೆಯದು ಅರ್ಧ ನಿಮಿಷದ ಹಿಂದೆ ನನ್ನದು. ಚಿಕ್ಕಿಯಮ್ಮ ಬಾಣಲೆಯನ್ನು ಕೆಳಗಿಡಲು ಹೋದರೆ ಅದು ಅವರ ಕೈಯನ್ನು ಬಿಡಲಿಲ್ಲ. ಎಳೆದು ಬಿಡಿಸಿಕೊಂಡರು. ಅಂಗೈಯ ರೇಖೆಗಳು ಬಾಣಲೆಯ ಅಂಚಿನಲ್ಲಿ ಉಳಿದವು. ಬೆಲ್ಲ, ಏಲಕ್ಕಿ, ಸುಟ್ಟ ಮಾಂಸ ಮೂರೂ ಒಂದೇ ವಾಸನೆಯಾಗಿ ಮನೆಯನ್ನು ತುಂಬಿತು.

ಆಸ್ಪತ್ರೆಯಲ್ಲಿ ಅವನು, ಅಡುಗೆಮನೆಯಲ್ಲಿ ಪಾಕ ಚೆಲ್ಲಿತು ಎಂದ. ಬಚ್ಚಲಲ್ಲಿ ಜಾರಿ ಬಿದ್ದ ನನ್ನ ಸುಳ್ಳಿಗೆ ಸರಿಯಾದ ಜೊತೆ. ಹೊಲಿಗೆ ಹಾಕಿದ ತುಟಿಯನ್ನು ಬಿಗಿಹಿಡಿದು ನಾನು ನಾಲ್ಕು ಪುಟಗಳ ದೂರು ಬರೆದೆ; ಕೈಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಅವರಿಗೆ ಓದಿ ಹೇಳಿದೆ.

"ಹರಿಕಥೆ ಥರ ಚೆನ್ನಾಗೈತೆ" ಎಂದರು. "ಯಾರು ಹೊಡೆದಿದ್ದು ಅಂತ ಎಲ್ಲೈತಮ್ಮಾ ಅದ್ರಾಗೆ?"

ಹುಡುಕಿದೆ. ಅವನ ಹೆಸರು ಮೂರನೆಯ ಪುಟದಲ್ಲಿತ್ತು. ಹರಿದು ಹಾಕಿ, ಮೊದಲ ಸಾಲಿನಲ್ಲೇ ಅವನ ಹೆಸರಿಟ್ಟು ಮತ್ತೆ ಬರೆದೆ. ಪಾಕದ ಸಂಗತಿ ಬಂದಾಗ ಲೇಖನಿ ನಿಂತಿತು. ಅವನೇ ಚೆಲ್ಲಿತು ಎಂದಿರುವಾಗ ನಾನೇಕೆ ಬರೆಯಲಿ?

"ಬರಿ" ಎಂದರು. "ಮುದುಕಿ ಸುರಿದ್ಲು ಅಂತ ಬರಿ. ಜಾರಿ ಬಿದ್ದೆ, ಚೆಲ್ಲೋಯ್ತು, ಬಾವಿಗೆ ಬಿದ್ಲು... ಸಾಕು ತಾಯಿ ಈ ಸುಳ್ಳು."

ಬರೆದೆ. ಎರಡೂ ಪ್ರಕರಣಗಳು ನಡೆದವು. ನನಗೆ ಅವನಿಂದ ಬಿಡುಗಡೆ ಸಿಕ್ಕಿತು. ಅವರ ಮೇಲಿನ ಪ್ರಕರಣ ಮುಗಿಯುವ ಮೊದಲೇ ಅವರು ಮುಗಿದರು.

ನಡುವಿನ ನಾಲ್ಕು ವರ್ಷ ನಾನು ಅವರ ಮನೆಯಲ್ಲೇ ಇದ್ದೆ, ಅವರ ಬಲಗೈಯಾಗಿ. ಶಾಲೆಯ ಕೆಲಸ ಬಿಟ್ಟೆ. ಗುಂಡುಕಲ್ಲು ನನ್ನ ಕೈಗೆ ಬಂತು. "ಹೊಡಿಯಮ್ಮಾ, ಮುದ್ದು ಮಾಡ್ಬೇಡ!" ಎಂದು ಅವರು ಹಿಂದಿನಿಂದ ಗದರುತ್ತಿದ್ದರು. ಬಿಲ್ಲೆಗಳನ್ನು ಒಂದೇ ಅಳತೆಯಲ್ಲಿ ಕತ್ತರಿಸಲು ನಾನು ಸ್ಕೇಲು ಹಿಡಿದರೆ, "ತಿನ್ನೋರ ಬಾಯೆಲ್ಲಾ ಒಂದೇ ಅಳತೆ ಐತಾ?" ಎಂದು ಕಿತ್ತುಕೊಳ್ಳುತ್ತಿದ್ದರು. ಆ ವರ್ಷಗಳಲ್ಲಿ ಇಬ್ಬರು ಹೆಂಗಸರು ಅವರೆದುರು ಮೊದಲ ತುಂಡನ್ನು ಅಗಿಯಲಾರದೆ ನಿಂತರು. ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಆ ಇಬ್ಬರೂ ಈಗ ಬದುಕಿದ್ದಾರೆ.

ಕಳೆದ ಮಾಘದಲ್ಲಿ, ಮಧ್ಯಾಹ್ನ ಮೊರ ಹಿಡಿದು ಕುಳಿತಲ್ಲೇ ಅವರ ತಲೆ ವಾಲಿತು. ಮೂರನೆಯ ದಿನ, ಕಾರ್ಯ ಮುಗಿಸಿ ಬಂದು ಅಡುಗೆಮನೆಯ ಡಬ್ಬಿ ತೆರೆದೆ. ಬೀದಿಯವರ ಪೊಟ್ಟಣಗಳೆಲ್ಲ ಇದ್ದವು. ಅಕ್ಷರ ಬಾರದ ಅವರು ಮನೆಗೊಂದು ಬಣ್ಣದ ದಾರ ಕಟ್ಟುತ್ತಿದ್ದರು. ನನ್ನದು ಕೆಂಪು. ಆ ಪೊಟ್ಟಣ ಎಂದಿನಂತೆ ಕೈಯಲ್ಲಿ ಬಾಗಲಿಲ್ಲ. ಬಿಚ್ಚಿದೆ. ನನಗೆ ತಿಳಿಯದಂತೆ, ಎಡಗೈಯೊಂದರಿಂದಲೇ ಮಾಡಿದ, ಅಂಚು ಸೊಟ್ಟಗಿದ್ದ ಗಟ್ಟಿ ಚಿಕ್ಕಿ. ತುಂಬ ಇಡೀ ಬೀಜಗಳು.

ನನ್ನ ಕೋಣೆಗೆ ಒಯ್ಯಲಿಲ್ಲ. ಅವರ ಒಲೆಯ ಮುಂದೆ ನಿಂತು, ಎಡದವಡೆಗೇ ಇಟ್ಟು ಕಚ್ಚಿದೆ. ಒಣಗಿದ ಕಡ್ಡಿ ಮುರಿದಂತಹ ಸದ್ದು ಕಿವಿಯ ಒಳಗಿನಿಂದ ಕೇಳಿಸಿತು. ಮುರಿದದ್ದು ಚಿಕ್ಕಿ.