ಪಾಳಿ ಹಿಡಿದ ಸುಂದ್ರವ್ವ

ನನಗೆ ಚಳವಳಿಗಾರರನ್ನು ಕಂಡರೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ನಿಪ್ಪಾಣಿ ಸೀಮೆಯಲ್ಲಿ ಹಿಟ್ಟಿನ ಗಿರಣಿ ನಡೆಸಿಕೊಂಡೇ ಮೀಸೆ ಬೆಳ್ಳಗಾದವನು ನಾನು, ವಿರುಪಾಕ್ಷಪ್ಪ. ಹಸಿರು ಶಾಲು, ನೀಲಿ ಶಾಲು, ಹಳದಿ ಶಾಲು ಎಲ್ಲವನ್ನೂ ನೋಡಿದ್ದೇನೆ. ಬೆಳಿಗ್ಗೆ ಮೈಕು ಹಿಡಿದು ಕೂಗುತ್ತಾರೆ, ಮಧ್ಯಾಹ್ನ ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆ ಯಾರೋ ಕೊಡಿಸಿದ ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅಂಥ ನನ್ನ ಬಾಯಿಂದ ಒಬ್ಬ ಹೆಣ್ಣುಮಗಳ ಹೋರಾಟದ ಹೊಗಳಿಕೆ ಬರುತ್ತಿದೆ ಎಂದರೆ ಅದರಲ್ಲಿ ಏನೋ ಇರಲೇಬೇಕು.

ಅವಳ ಹೆಸರು ಸುಂದ್ರವ್ವ. ಕೊಗನೊಳ್ಳಿಗೆ ಹತ್ತಿರದ ನಮ್ಮ ಸಣ್ಣ ಊರಿನ ಬೌದ್ಧ ಓಣಿಯವಳು, ಅಂದರೆ ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಓಣಿ. ವಯಸ್ಸು ಕೇಳಿದರೆ ನಗುತ್ತಾಳೆ. ಅರವತ್ತು ದಾಟಿ ಬಹಳ ಕಾಲವಾಗಿದೆ. ತಂಬಾಕಿನ ಹೊಲದಲ್ಲಿ, ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿಯೇ ಬದುಕಿದವಳು. ಮಗ, ಸೊಸೆ ಕಾಗಲದ ಕಡೆ ಕಾರ್ಖಾನೆಗೆ ಹೋಗುತ್ತಾರೆ. ಮೊಮ್ಮಗಳು ನೀಲಮಳ ತಲೆ ಬಾಚುವುದು, ಶಾಲೆಗೆ ಬಿಡುವುದು, ಕರೆತರುವುದು ಎಲ್ಲ ಅಜ್ಜಿಯದೇ.

ಅವಳ ಕಥೆ ಹೇಳಬೇಕಾದರೆ ಗಿರಣಿಯ ಪದ್ಧತಿ ಹೇಳಬೇಕು. ನಮ್ಮಲ್ಲಿ ಹೆಂಗಸರು ಜೋಳ ತುಂಬಿದ ಡಬ್ಬಿಯನ್ನು ತಂದು ಸಾಲಿನಲ್ಲಿ ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಡಬ್ಬಿಯೇ ಅವರ ಪಾಳಿ ಹಿಡಿಯುತ್ತದೆ. ಒಂದು ಬೀಸಿ ಆದ ಹಾಗೆ ಉಳಿದವನ್ನು ಮುಂದೆ ಸರಿಸುವುದು ಅಲ್ಲಿದ್ದವರ ಜವಾಬ್ದಾರಿ. ಒಡತಿ ಇಲ್ಲದಾಗ ಅವಳ ಡಬ್ಬಿಯನ್ನು ಸಾಲಿನಿಂದ ಎತ್ತುವಂತಿಲ್ಲ. ಎತ್ತಲೇಬೇಕಾಗಿ ಬಂದರೆ ಬಾಗಿಲಿಗೆ ನಿಂತು ಹೆಸರು ಹಿಡಿದು ಕೂಗಬೇಕು. ಖಾಲಿ ಡಬ್ಬಿಗೆ ಪಾಳಿ ಇಲ್ಲ.

ಈ ನ್ಯಾಯ ನನ್ನ ಅಪ್ಪನ ಕಾಲದಲ್ಲಿ ಎಲ್ಲರಿಗೂ ಇರಲಿಲ್ಲ. ಬೌದ್ಧ ಓಣಿಯ ಡಬ್ಬಿಗಳು ಗೋಡೆಯ ಬದಿಗೆ ಬೇರೆ ನಿಲ್ಲಬೇಕಿತ್ತು. ಊರವರದೆಲ್ಲ ಬೀಸಿದ ಮೇಲೆ ಅವುಗಳ ಸರದಿ. ಸುಂದ್ರವ್ವ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮುಂಜಾನೆ ಎಲ್ಲರಿಗಿಂತ ಮೊದಲು ಬಂದು, ತನ್ನ ಡಬ್ಬಿಯನ್ನು ಸಾಲಿನ ತಲೆಗೆ ಇಟ್ಟು, ಅದರ ಪಕ್ಕದಲ್ಲೇ ಕುಳಿತಳಂತೆ. ಅಪ್ಪ ಗಿರಣಿ ಚಾಲೂ ಮಾಡಲಿಲ್ಲ. ಅವಳು ಏಳಲಿಲ್ಲ. ಹಿಂದೆ ಡಬ್ಬಿಗಳು ಬೆಳೆಯುತ್ತ ಹೋದವು, ಬೈಗುಳವೂ ಬೆಳೆಯಿತು. ಇಳಿಹೊತ್ತಿಗೆ ನನ್ನ ಅವ್ವ ತುಳಸವ್ವ ಹೊರಗೆ ಬಂದು, "ಊರಾಗ ಯಾರ ಮನ್ಯಾಗೂ ಹಿಟ್ಟಿಲ್ಲ. ಮಂದಿ ಏನ ಮಣ್ಣ ತಿನಬೇಕೇನ? ಬೆಲ್ಟ ಹಾಕ್ರಿ" ಎಂದು ಅಪ್ಪನಿಗೆ ಗದರಿದಳು. ಅಪ್ಪ ಮುಖ ಗಂಟು ಹಾಕಿಕೊಂಡು ಬೆಲ್ಟು ಏರಿಸಿದ. ಅಂದಿನಿಂದ ಮೊದಲು ಬಂದ ಡಬ್ಬಿ ಮೊದಲು. ಅಪ್ಪ ದೊಡ್ಡ ಮನಸ್ಸು ಮಾಡಿದ ಎಂದು ಊರಿನ ಹಿರಿಯರು ಹೇಳುತ್ತಾರೆ. ಸುಳ್ಳು. ಮಾಡಿಸಿದವಳು ಸುಂದ್ರವ್ವ.

ಇದನ್ನೆಲ್ಲ ನೆನಪಿಗೆ ತಂದದ್ದು ಮೊನ್ನೆ ಮೊನ್ನೆಯ ಹೆದ್ದಾರಿ. ಪುಣೆ-ಬೆಂಗಳೂರು ರಸ್ತೆ ಅಗಲವಾಗುತ್ತ ಬಂದು ನಮ್ಮೂರನ್ನು ಎರಡು ಹೋಳು ಮಾಡಿತು. ಶಾಲೆ, ರೇಶನ್ ಅಂಗಡಿ, ನನ್ನ ಗಿರಣಿ ಈ ಕಡೆ. ಬೌದ್ಧ ಓಣಿ ಮತ್ತು ಕುರಿ ಕಾಯುವವರ ವಸ್ತಿ ಆ ಕಡೆ. ನಡುವೆ ಡಿವೈಡರಿನಲ್ಲಿ ಒಂದು ಸಂದು ಬಿಟ್ಟಿದ್ದರು. ಕುರಿ, ಮಕ್ಕಳು, ಡಬ್ಬಿ ಹೊತ್ತ ಹೆಂಗಸರು ಎಲ್ಲರೂ ಅದರಲ್ಲೇ ದಾಟುತ್ತಿದ್ದರು. ಆ ಸಂದನ್ನು ಕಾಂಕ್ರೀಟು ಹಾಕಿ ಮುಚ್ಚುತ್ತೇವೆ ಎಂದು ಗುತ್ತಿಗೆದಾರನ ಕಡೆಯವರು ಬಂದು ಹೇಳಿದರು. ದಾಟುವವರು ದೂರದ ಸೇತುವೆಯ ತನಕ ನಡೆದು, ಅದರಡಿ ತೂರಿ, ಮತ್ತೆ ಅಷ್ಟೇ ದೂರ ಹಿಂದೆ ಬರಬೇಕಂತೆ.

ಸುಂದ್ರವ್ವ ಅವರನ್ನು ಕೇಳಿದ್ದು ಒಂದೇ ಮಾತು. "ಸಾಹೇಬ್ರ, ನೀವು ಸಣ್ಣವ್ರಿದ್ದಾಗ ಸಾಲಿ ಗಂಟಿ ಹೊಡದ್ರ ಸುತ್ತ ಹಾಕಿ ಹೋಗತಿದ್ರೇನು, ಗ್ವಾಡಿ ಜಿಗದ ಹೋಗತಿದ್ರಿ?"

ಅವರು ನಕ್ಕರು.

"ನಮ್ಮ ಹುಡುಗ್ರೂ ಜಿಗೀತಾವ್ರಿ. ಆ ಕಡೆ ಲಾರಿ ಬರತಿರತಾವು. ಮೊದಲ ಬೋಗದಾ ಮಾಡ್ರಿ, ಆಮ್ಯಾಲ ಮುಚ್ಚಿಕೋರಿ." ಬೋಗದಾ ಎಂದರೆ ನಮ್ಮ ಕಡೆ ರಸ್ತೆಯ ಕೆಳಗಿನ ದಾರಿ. ಅವರ ನಗು ಅಲ್ಲಿಗೆ ನಿಂತಿತು, ಬಂದ ದಾರಿ ಹಿಡಿದು ಹೋದರು.

ಆಗ ಮುಂದಾಳಾಗಿ ಎದ್ದವನು ಅಣ್ಣಾಸಾಬ. ಹಿಂದೊಮ್ಮೆ ಪಂಚಾಯಿತಿ ಸದಸ್ಯನಾಗಿದ್ದವನು, ಕುರಿ ಇವೆ, ದನಿಯೂ ಇದೆ. ರಸ್ತಾ ರೋಕೋ ಎಂದು ಸಾರಿದ. ಎರಡೂ ಬದಿಯ ಮಂದಿ ಕೂಲಿ ಬಿಟ್ಟು ಬಂದರು. ಬಿಸಿಲು ಎಂದರೆ ಬಿಸಿಲು. ಅಣ್ಣಾಸಾಬ ನೆತ್ತಿ ಒರೆಸಿಕೊಂಡು, ಸ್ವಲ್ಪ ಮುಂದಿನ ದೊಡ್ಡ ಆಲದ ಮರ ತೋರಿಸಿ, "ಅಲ್ಲಿ ನೆರಳೈತಿ, ಅಲ್ಲೇ ಕುಂಡ್ರೂಣು ನಡೀರಿ" ಎಂದ. ಎಲ್ಲರೂ ಹೋಗಿ ಕುಳಿತರು. ಘೋಷಣೆ ಏನು, ಭಾಷಣ ಏನು! ನಮ್ಮ ಕಡೆಯ ಒಬ್ಬ ಅಧಿಕಾರಿಯೂ ಇಣುಕಲಿಲ್ಲ. ಕೊನೆಗೆ ಜೀಪಿನಲ್ಲಿ ಪೊಲೀಸರು ಬಂದರು, ಇಳಿದವರೇ ಮರಾಠಿಯಲ್ಲಿ ಶುರು ಮಾಡಿದರು: "ಅಹೋ, ಹೀ ಆಮಚೀ ಹದ್ದ ಆಹೆ. ತುಮಚಂ ಗಾರ್ಹಾಣಂ ತಿಕಡೇ ಸಾಂಗಾ." ಇದು ನಮ್ಮ ಗಡಿ, ನಿಮ್ಮ ದೂರು ಆ ಕಡೆ ಹೋಗಿ ಹೇಳಿ ಎಂದು.

ಆಲದ ಮರ ಮಹಾರಾಷ್ಟ್ರದಲ್ಲಿತ್ತು. ಕರ್ನಾಟಕದ ಸಂದು ಉಳಿಸಲು ನಮ್ಮವರು ಇಡೀ ದಿನ ಮಹಾರಾಷ್ಟ್ರವನ್ನು ತಡೆದು ಕೂತಿದ್ದರು. ಹುಟ್ಟಿದಾಗಿನಿಂದ ಎರಡೂ ಕಡೆ ಕುರಿ ಮೇಯಿಸಿದವರಿಗೆ ಮರ ಯಾವ ರಾಜ್ಯದ್ದು ಎಂದು ಯಾಕೆ ಹೊಳೆಯಬೇಕು? ಮರುದಿನ ಸುತ್ತಲಿನ ಹಳ್ಳಿಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕವರಿಗಿಂತ ಕೆಟ್ಟದ್ದು ಮಾಡಿದ್ದು ಹೊಟ್ಟೆಪಾಡು: ಕೂಲಿ ಬಿಟ್ಟು ಎರಡನೇ ದಿನ ಬರಲು ಯಾರಿಗೂ ಆಗಲಿಲ್ಲ. ಅಣ್ಣಾಸಾಬ ಮುಖ ತೋರಿಸಲಾರದೆ ಕುರಿ ಹೊಡೆದುಕೊಂಡು ದೂರ ಹೋದ. ಸಂದಿನ ಹತ್ತಿರ ಉಳಿದವರು ಸುಂದ್ರವ್ವ ಮತ್ತು ಕುರಿಯವರ ವಸ್ತಿಯ ಹೊಳೆವ್ವ, ಇಬ್ಬರು ಮುದುಕಿಯರು.

ಮೂರನೆಯ ದಿನ ನನ್ನ ಗಿರಣಿಗೆ ಡಬ್ಬಿಗಳೇ ಬರಲಿಲ್ಲ. ಊರಿಗೆ ಬಂದಾಕಿ ನೀರಿಗೆ ಬರದೇ ಇರುತ್ತಾಳೆಯೇ ಎಂದು ಸ್ವಲ್ಪ ಹೊತ್ತು ಕಾದೆ. ಒಬ್ಬಳೂ ಇಲ್ಲ. ಸಿಟ್ಟು ಬಂದು ಹೊರಗೆ ಬಂದು ನೋಡಿದರೆ, ಡಬ್ಬಿಗಳೆಲ್ಲ ಹೆದ್ದಾರಿಯ ಸಂದಿನಲ್ಲಿ ಸಾಲು ಹಚ್ಚಿ ನಿಂತಿವೆ! ಡಾಲ್ಡಾದ ಹಳೆಯ ಡಬ್ಬಿ, ಸ್ಟೀಲಿನದು, ಬಣ್ಣದ ಪ್ಲಾಸ್ಟಿಕ್ಕಿನದು. ಓಡುವ ವಾಹನಗಳಿಗೆ ತೊಂದರೆ ಇಲ್ಲ, ಸಂದಿನೊಳಗೇ ಇವೆ. ಪಕ್ಕದಲ್ಲಿ ಕಲ್ಲಿನ ಮೇಲೆ ಸುಂದ್ರವ್ವ.

"ಅಕ್ಕಾ, ಏನಿದು? ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತಿ?" ಎಂದು ಕೂಗಾಡಿದೆ.

"ಯಾಕ ಒದರತಿ ತಮ್ಮಾ? ನಿನ್ನ ಗಿರಣಿ ಪಾಳಿ ಇಲ್ಲಿಂದ ಸುರು ಆಗತೈತಿ, ಅಷ್ಟ" ಎಂದಳು. "ಮಂದೀಗಿ ದಿನಾ ಬಂದ ಕುಂಡ್ರಾಕ ಆಗೂದಿಲ್ಲ. ಕೂಲಿ ಬಿಟ್ರ ಒಲಿ ಹತ್ತೂದಿಲ್ಲ. ಅದಕ್ಕ ಅವರ ಡಬ್ಬಿ ಕುಂದರ್ತಾವು. ಒಂದೊಂದ ಡಬ್ಬಿ ನಿನ್ನ ಕಡೆ ಬರತೈತಿ, ಬೀಸಿ ಕೊಡು. ಅದರ ಜಾಗಾಕ್ಕ ಮತ್ತೊಂದ ಮನೀದು ಬರತೈತಿ."

ಅಷ್ಟರಲ್ಲಿ ಹೊಳೆವ್ವ ಒಂದು ಡಬ್ಬಿ ತಂದಿಟ್ಟಳು. ಸುಂದ್ರವ್ವ ಅದನ್ನು ಬೆರಳಿನಿಂದ ಬಡಿದು ನೋಡಿ, "ಖಾಲಿ ತಂದೀಯಲ್ಲ ಬೇ! ಖಾಲಿ ಡಬ್ಬಿ ಪಾಳಿ ಹಿಡಿಯೂದಿಲ್ಲ, ಗೊತ್ತಿಲ್ಲ?" ಎಂದು ಗೆಳತಿಯನ್ನು ವಾಪಸು ಅಟ್ಟಿದಳು. ಹೊಳೆವ್ವ ಗೊಣಗುತ್ತ ಹೋಗಿ ಜೋಳ ತುಂಬಿಕೊಂಡು ಬಂದಳು.

ಹೀಗೆ ನಾನು ಸೇರಲು ಮನಸ್ಸು ಮಾಡುವ ಮೊದಲೇ ನನ್ನ ಗಿರಣಿ ಚಳವಳಿಗೆ ಸೇರಿತು. ದಿನವೂ ಬೀಸುತ್ತಿದ್ದೆ, ಗೊಣಗುತ್ತಿದ್ದೆ. ಬೀಸುತ್ತ ಗಮನಿಸಿದೆ: ಆಲದ ಮರದಡಿ ಬಂದದ್ದಕ್ಕಿಂತ ಹೆಚ್ಚು ಮನೆಗಳು ಈ ಸಾಲಿನಲ್ಲಿದ್ದವು. ಆ ಕಡೆಯವರದು ಇರಲಿ, ರಸ್ತೆಯ ಗೋಜೇ ಇಲ್ಲದ ಈ ಕಡೆಯ ಮನೆಗಳ ಡಬ್ಬಿಗಳೂ ಬಂದವು. ಹಿಂದೊಮ್ಮೆ ಬೇರೆ ಬೇರೆ ನಿಲ್ಲುತ್ತಿದ್ದ ಮನೆಗಳ ಡಬ್ಬಿಗಳು ಒಂದಕ್ಕೊಂದು ಅಂಟಿಕೊಂಡು ಬಿಸಿಲಲ್ಲಿ ಕಾಯುತ್ತಿದ್ದವು. ನನ್ನ ಅವ್ವ ಇದ್ದಿದ್ದರೆ ನೋಡಲು ಬರುತ್ತಿದ್ದಳು.

ಸಂದು ಮುಚ್ಚುವವರು ಒಂದು ಮಟಮಟ ಮಧ್ಯಾಹ್ನ ಬಂದರು. ಊರು ಹೊಲದಲ್ಲಿರುವ ಹೊತ್ತು ನೋಡಿಯೇ ಬಂದಿದ್ದರು. ಒಂದು ಜೇಸಿಬಿ, ಕಾಂಕ್ರೀಟಿನ ದಿಮ್ಮಿಗಳ ಲಾರಿ, ನಾಲ್ಕಾರು ಆಳು, ಒಬ್ಬ ಮೇಸ್ತ್ರಿ. ನಾನು ಗಿರಣಿ ಬಂದ್ ಮಾಡಿ ಓಡಿ ಹೋದೆ. ಇಬ್ಬರು ಮುದುಕಿಯರು, ಒಬ್ಬ ಗಿರಣಿಯವನು, ಒಂದಷ್ಟು ಡಬ್ಬಿ; ಇವತ್ತಿಗೆ ಮುಗಿಯಿತು ಎಂದುಕೊಂಡೆ.

"ಬಕೆಟ್ ಹಾಕಿ ಸರಸು" ಎಂದ ಮೇಸ್ತ್ರಿ.

ಜೇಸಿಬಿ ಓಡಿಸುವವನು ರಾಯಬಾಗ ಕಡೆಯ ಹರೆಯದವನು, ಶುಭಮ ಎಂದು ಹೆಸರು. ಕೆಳಗಿಳಿದು ಒಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಮತ್ತೆ ಮುಚ್ಚಿ, ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡ. "ಕಾಳ ಅದಾವ್ರಿ ಇದರಾಗ. ನಾ ಬಕೆಟ್ ಹಾಕೂದಿಲ್ಲರಿ" ಎಂದು ಲಾರಿಯ ನೆರಳಿಗೆ ಹೋಗಿ ನಿಂತ.

ಮೇಸ್ತ್ರಿ ಕೆಂಡಾಮಂಡಲವಾಗಿ ಆಳುಗಳಿಗೆ ಕೈಯಿಂದಲೇ ಎತ್ತಲು ಹೇಳಿದ. ಒಬ್ಬ ಬಗ್ಗಿ ಮೊದಲನೆಯ ಡಬ್ಬಿಗೆ ಕೈ ಹಾಕಿದ. ಸುಂದ್ರವ್ವ ಅವನನ್ನು ತಡೆಯಲಿಲ್ಲ. ಎದ್ದು ನಿಂತು, ಹೊಲಗಳ ಕಡೆ ಮುಖ ಮಾಡಿ ಕೂಗಿದಳು: "ತಾರಾಬಾಯೀ! ನಿನ್ನ ಡಬ್ಬಿ ಎತ್ತಾಕತ್ತಾರ, ಬಾ!"

ಗಿರಣಿಯಲ್ಲಿ ಕೂಗುವ ಹಾಗೆಯೇ. ಆಳು ಎರಡನೆಯ ಡಬ್ಬಿ ಮುಟ್ಟಿದ. "ಸೋನಾಲೀ! ನಿನ್ನ ಡಬ್ಬಿ!" ಹತ್ತಿರದ ಹೊಲದಲ್ಲಿದ್ದವರು ಆ ಕೂಗನ್ನು ಮುಂದಿನ ಹೊಲಕ್ಕೆ ದಾಟಿಸಿದರು, ಅಲ್ಲಿಂದ ಅದರಾಚೆಗೆ. ಯಾವ ಡಬ್ಬಿ ಯಾರದು ಎಂದು ಬರೆದಿಟ್ಟವರಿಲ್ಲ. ತಗ್ಗು, ಉಬ್ಬು, ಬಣ್ಣ ನೋಡಿಯೇ ಹೊಳೆವ್ವ ಒಂದು, ಸುಂದ್ರವ್ವ ಒಂದು, ನಾನೂ ಒಂದು ಕೂಗತೊಡಗಿದೆವು. ಹೌದು, ನಾನೂ ಕೂಗಿದೆ. ಚಳವಳಿ ಬೇಡವೆನ್ನುವ ನನ್ನ ಗಂಟಲು ಅವತ್ತು ಹರಿದುಹೋಯಿತು.

ಬಂದರು ನೋಡಿ. ತಂಬಾಕಿನ ಜಿಗುಟು ಕೈಯಲ್ಲಿ, ಕುಡಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಗೆ ಸುತ್ತಿದ ಟವೆಲ್ಲಿನಲ್ಲೇ, ಓಡುತ್ತ ಬಂದರು. ಬಂದವರು ಯಾರ ಮೈಯನ್ನೂ ಮುಟ್ಟಲಿಲ್ಲ. ತಮ್ಮ ತಮ್ಮ ಡಬ್ಬಿಯ ಹಿಂದೆ ಬಂದು ನಿಂತರು, ಅಷ್ಟೇ. ಕೊನೆಗೆ ಅಣ್ಣಾಸಾಬನೂ ಕುರಿಹಿಂಡಿನ ಸಮೇತ ಬಂದ. ಸಂದಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನನ್ನು ನೋಡಿ ಹೊಳೆವ್ವ, "ಈ ಸಲ ಜಾಗಾ ನಮ್ದ ಐತಿ, ಅಂಜಬ್ಯಾಡ" ಎಂದಳು. ಆ ಬಿಸಿಲಿನಲ್ಲೂ ಎಲ್ಲರೂ ನಕ್ಕರು, ಅಣ್ಣಾಸಾಬನೂ ನಕ್ಕ.

ನಮ್ಮ ಕಡೆಯ ಪೊಲೀಸ್ ಫೌಜದಾರರು ಬಂದರು. ಅವರ ಹಿಂದೆ ಎಂಜಿನಿಯರು, ಹಳದಿ ಹೆಲ್ಮೆಟ್ಟಿನವರು. ಎಂಜಿನಿಯರು ನಿಂತವರನ್ನೆಲ್ಲ ಒಮ್ಮೆ ನೋಡಿ, ಸುಂದ್ರವ್ವಳ ಜೊತೆ ಬಹಳ ಹೊತ್ತು ಮಾತಾಡಿದರು. ಬೋಗದಾ ಆಗುವ ತನಕ ಸಂದು ಮುಚ್ಚುವುದಿಲ್ಲ, ಮೇಲಿನವರಿಗೆ ಹೇಳಿ ಬೋಗದಾ ಮಾಡಿಸುತ್ತೇನೆ ಎಂದು ಎಲ್ಲರ ಮುಂದೆ ಒಪ್ಪಿದರು.

ಮಂದಿ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಸುಂದ್ರವ್ವ ತಟ್ಟಲಿಲ್ಲ.

"ಬಾಯಿಲೆ ಹೇಳಿ ಹೋದ್ರ ಪಾಳಿ ಹಿಡೀತೈತೇನ್ರಿ ಸಾಹೇಬ್ರ? ನಿಮ್ಮದೂ ಒಂದ ಡಬ್ಬಿ ಇಟ್ಟ ಹೋಗ್ರಿ."

"ನನ್ನ ಹತ್ರ ಡಬ್ಬಿ ಎಲ್ಲೈತಿ ಅಜ್ಜಿ?" ಎಂದರು ಅವರು.

ಅವಳು ಅವರ ತಲೆಯ ಕಡೆ ನೋಡಿದಳು. ಅವರು ಹೆಲ್ಮೆಟ್ಟು ತೆಗೆದು ಸಾಲಿನ ಕೊನೆಗೆ ಇಟ್ಟರು. "ಖಾಲಿ ಐತಲ್ಲ" ಎಂದು ಹೊಳೆವ್ವ ಆಕ್ಷೇಪಣೆ ತೆಗೆದಳು. ಸುಂದ್ರವ್ವ ತನ್ನ ಡಬ್ಬಿಯಿಂದ ಒಂದು ಬೊಗಸೆ ಜೋಳ ತೆಗೆದು ಅದರೊಳಗೆ ಹಾಕಿದಳು. ಬೋಗದಾದ ಕೆಲಸ ಶುರುವಾಗುವ ತನಕ ಆ ಹೆಲ್ಮೆಟ್ಟು ಅಲ್ಲೇ ಇತ್ತು. ಪುಣ್ಯಾತ್ಮ ಮಾತು ತಪ್ಪಲಿಲ್ಲ. ವಾರಕ್ಕೊಮ್ಮೆ ಬಂದು ಅದನ್ನು ನೋಡಿ ಹೋಗುತ್ತಿದ್ದರು.

ಬೋಗದಾ ಆಯಿತು. ಮಳೆ ಬಂದರೆ ಅದರಲ್ಲಿ ಮೊಣಕಾಲು ನೀರು ನಿಲ್ಲುತ್ತದೆ, ಅದಕ್ಕೂ ಸುಂದ್ರವ್ವ ಯಾರನ್ನೋ ಬೈಯುತ್ತಲೇ ಇದ್ದಾಳೆ. ಆದರೆ ನೀಲಮ ಈಗ ಒಬ್ಬಳೇ ಶಾಲೆಗೆ ಹೋಗಿ ಬರುತ್ತಾಳೆ, ಲಾರಿಗಳು ಅವಳ ತಲೆಯ ಮೇಲೆ ಹಾದುಹೋಗುತ್ತವೆ. ಚಳವಳಿ ಎಂದರೆ ಕೂಗುವ ಬಾಯಿ ಎಂದು ನಾನು ತಿಳಿದಿದ್ದೆ. ಇಲ್ಲದವರ ಪಾಳಿಯನ್ನು ಇದ್ದವರು ಕಾಯುವುದು ಎಂದು ಈ ಮುದುಕಿಯಿಂದ ಅರ್ಥವಾಯಿತು. ಅವಳ ಮೇಲೆ ನನಗಿರುವ ಗೌರವ ಇಷ್ಟು ಎಂದು ಹೇಳಲಾರೆ.

ಬೋಗದಾ ತೆರೆದ ಮರುದಿನ ಮುಂಜಾನೆ ಗಿರಣಿಯ ಸಾಲು ಬಾಗಿಲು ದಾಟಿ ಬೆಳೆದಿತ್ತು. ಸುಂದ್ರವ್ವ ತಡವಾಗಿ ಬಂದಳು, ತಲೆಯ ಮೇಲೆ ಡಬ್ಬಿ. ಹೆಂಗಸರು ಒಮ್ಮೆಗೇ ಎದ್ದರು. ತಾರಾಬಾಯಿ ಅವಳ ಡಬ್ಬಿಯನ್ನು ಇಳಿಸಿಕೊಂಡು, ತನ್ನದನ್ನು ಹಿಂದೆ ಸರಿಸಿ, ಅದನ್ನು ಸಾಲಿನ ತಲೆಗೆ ಇಟ್ಟಳು. ಅವಳು ಹಿಂದೊಮ್ಮೆ ಇಟ್ಟಿದ್ದ ಜಾಗದಲ್ಲೇ. ನನಗೂ ಅದು ಸರಿ ಎನಿಸಿತು. ಸ್ವಿಚ್ಚಿಗೆ ಕೈ ಹಾಕಿದೆ.

"ತಡಿ ತಮ್ಮಾ" ಎಂದಳು ಸುಂದ್ರವ್ವ. ಮುಖದಲ್ಲಿ ನಗುವಿರಲಿಲ್ಲ. "ಈ ಪಾಳಿ ಸಲುವಾಗಿ ನಾ ಒಂದ ದಿನ ಪೂರ್ತಿ ಇಲ್ಲೇ ಕುಂತೇನಿ, ನಿಮ್ಮ ಅತ್ತೆಂದ್ರ ಬೈಗಳಾ ತಿಂದೇನಿ. ಈಗ ನನ್ನ ಹೆಸರಲೆ ನೀವ ಕೆಡಸತೀರೇನು?"

ಅವಳು ಬಗ್ಗಿ ಡಬ್ಬಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಇಡೀ ಸಾಲು ದಾಟಿ ಹೊರಗೆ ಹೋಗಿ, ಎಲ್ಲರಿಗಿಂತ ಹಿಂದೆ ಇಟ್ಟಳು. ಆಮೇಲೆ ಕೂಲಿಗೆ ಹೋದಳು. ಅವಳ ಪಾಳಿ ಬರುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ಅಲ್ಲಿಯ ತನಕ ನಾನು ಗಿರಣಿ ನಿಲ್ಲಿಸಲಿಲ್ಲ, ಊಟಕ್ಕೂ ಏಳಲಿಲ್ಲ.