ಮುಳ್ಳನ್ನು ಗಾಯವೆಂದು ಯಾರು ಎಣಿಸುತ್ತಾರೆ

ನನ್ನ ಎದೆಬಡಿತ ತಾಳ ತಪ್ಪಿದ್ದಕ್ಕೆ ಹೊಸೂರಿನ ಆಸ್ಪತ್ರೆಯಲ್ಲಿ ತೊಡೆಯಿಂದ ತಂತಿ ತೂರಿಸಿ, ಹೃದಯದೊಳಗೆ ಕಿತಾಪತಿ ಮಾಡುತ್ತಿದ್ದ ಜಾಗವನ್ನು ಸುಟ್ಟು ಕಳಿಸಿದ್ದರು. ಅದು ಮತ್ತೆ ಬರಬಾರದು, ಗುಮ್ಮಳಾಪುರದ ನಮ್ಮ ಹಸಿರುಮನೆಯ ಗುಲಾಬಿಯನ್ನು ನಾನೇ ಕತ್ತರಿಸಬೇಕು ಎನ್ನುವುದು ನನ್ನ ಹಟ. ಗಂಡ ಕತ್ತರಿಸಿದರೆ ಕಾಂಡ ಗಿಡ್ಡ, ಮಾತು ಉದ್ದ.

ಕಾಫಿ ಬಿಟ್ಟೆ, ಉಪ್ಪಿನಕಾಯಿ ಬಿಟ್ಟೆ, ಮಾತ್ರೆ ಒಂದನ್ನೂ ತಪ್ಪಿಸಲಿಲ್ಲ. ಆದರೂ ಕೆಲವು ವಾರಗಳ ನಂತರದ ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ ಜಾಸ್ತಿ ಬಂತು. ಮೈಯಲ್ಲಿ ಎಲ್ಲೋ ಉರಿಯೂತ ಇರುವುದರ ಗುರುತು ಅದು, ಸುಟ್ಟಿದ್ದರಿಂದ ಏರಿದ್ದಾದರೆ ಇಷ್ಟು ಹೊತ್ತಿಗೆ ಇಳಿಯಬೇಕಿತ್ತು, ಹೀಗೇ ಇದ್ದರೆ ತಾಳ ಮತ್ತೆ ತಪ್ಪುವ ಸಾಧ್ಯತೆ ಹೆಚ್ಚು ಎಂದು ಡಾಕ್ಟರಮ್ಮ ತಮಿಳಿನಲ್ಲಿ ಬಿಡಿಸಿ ಹೇಳಿದರು. ಜ್ವರ, ಕೆಮ್ಮು, ಹಲ್ಲುನೋವು, ಗಾಯ ಏನಾದರೂ ಇದೆಯೇ ಎಂದು ಕೇಳಿದರು. ಏನೂ ಇಲ್ಲವೆಂದೆ. ಇಷ್ಟು ಪಥ್ಯ ಮಾಡಿದ ಮೇಲೂ ತಪ್ಪು ನನ್ನದೇ ಎನ್ನುವಂತೆ ಕೇಳುತ್ತಾರಲ್ಲ ಎಂದು ಮೈ ಉರಿಯಿತು.

ನಾಡಿ ನೋಡಲು ಕೈ ಹಿಡಿದವರು ಉಂಗುರದ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಗೆಣ್ಣು ಕೆಂಪಗೆ ಊದಿತ್ತು. ಮುಳ್ಳು ಮುರಿದು ಒಳಗೇ ಉಳಿದಿತ್ತು, ಎಕ್ಕದ ಹಾಲು ಹಚ್ಚಿದ್ದೆ, ಅಷ್ಟೆ. ಹೂವಿನವರ ಮನೆಯಲ್ಲಿ ಮುಳ್ಳು ಚುಚ್ಚಿದ್ದನ್ನು ಗಾಯ ಎಂದವರನ್ನು ನಾನಂತೂ ಕಂಡಿಲ್ಲ. ಡಾಕ್ಟರಮ್ಮ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಬೆರಳು ಕೊಯ್ದು ಮುಳ್ಳು ತೆಗೆದು ಔಷಧಿ ಕೊಟ್ಟರು. ಮುಂದಿನ ಪರೀಕ್ಷೆಯಲ್ಲಿ ಸಿಆರ್‌ಪಿ ಇಳಿದಿತ್ತು. ಹಾಗಾದರೆ ಇನ್ನು ಬರುವುದಿಲ್ಲ ತಾನೇ ಎಂದು ಗೆದ್ದವಳಂತೆ ಕೇಳಿದೆ. ಬರುವ ಸಾಧ್ಯತೆ ಕಡಿಮೆಯಾಗಿದೆ, ಬರುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದರು. ನನಗೆ ಬೇಕಾಗಿದ್ದದ್ದು ಅವರು ಕೊಡಲಾರೆ ಎಂದ ಆ ಮಾತೇ.

ಮರುದಿನದಿಂದ ದಪ್ಪ ಕೈಗವಸು ಹಾಕಿಕೊಂಡು ತೋಟಕ್ಕಿಳಿದೆ. ಬುಲೆಟ್ ಓಡಿಸೋಕೆ ಹೊಂಟ್ಯಾ ಎಂದು ಕೂಲಿ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಕತ್ತರಿ ಹಿಡಿದೆ.

ಆದರೂ ಅದು ಬಂತು. ಒಂದು ಬೆಳಿಗ್ಗೆ ಹೂ ಕತ್ತರಿಸುತ್ತಿದ್ದಾಗ ಎದೆ, ಗಾಳಿ ಹಿಡಿದ ಪಂಪಿನ ಹಾಗೆ ಎತ್ತೆತ್ತಿ ಹೊಡೆಯತೊಡಗಿತು. ಬದುವಿನ ಮೇಲೆ ಕೂತೆ. ಗಂಡ ಓಡಿಬಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಸಾಕು ಕಣೆ, ತೋಟಾನ ಗುತ್ತಿಗೆಗೆ ಕೊಟ್ಬುಡಾನ,” ಎಂದ.

“ಗುತ್ತಿಗೆ ಮಾತು ಬುಡು, ಗಾಡಿ ತೆಗಿ. ಇನ್ನೊಂದ್ ಕಿತ ಸುಡ್ಲಿ. ಸಾಲ್ದಿದ್ರೆ ಮತ್ತೊಂದ್ ಕಿತ ಸುಡ್ಲಿ. ನಾನ್ ವಾಪಸ್ ಬತ್ತೀನಿ.”

ಹೇಳುವಾಗ ಅಳು ಬಂತು. ಭಯವೂ ಇತ್ತು. ಅಳುತ್ತಲೇ ಅವನ ಹಿಂದೆ ಗಾಡಿ ಹತ್ತಿ ಕೂತೆ.