ಪೀಠದ ಮುಂದೆ ಒಂದು ಕಲ್ಲಿನಷ್ಟು ನೆಲ

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ಕುಷ್ಟಗಿ ಕಡೆಯ ನಮ್ಮೂರಿನ ಹಳೆಯ ಚರ್ಚನ್ನು ಹೊಸದು ಮಾಡಿದರು. ಮಾಡಿದರು ಎಂದರೇನು, ಮಾಡಿದವನೇ ನಾನು, ಊರಿನ ಗೌಂಡಿ. ಗೋಡೆಗೆ ಸುಣ್ಣದ ಗಿಲಾವು, ಮಣ್ಣಿನ ಮಾಳಿಗೆ ತೆಗೆದು ತಗಡು, ನೆಲಕ್ಕೆ ಕೊಪ್ಪಳ ಸ್ಟೇಷನ್ನಿನಿಂದ ಬಂಡಿಯಲ್ಲಿ ಬಂದ ಶಹಾಬಾದಿ ಫರಸಿಕಲ್ಲು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಎನ್ನಲಿ. ಎರಡು ಕಲ್ಲಿನ ನಡುವೆ ಉಗುರು ಹೋಗದಂತೆ ಕೂಡಿಸಿದ್ದೆ.

ಮನೆಯಲ್ಲಿ ಮಾತ್ರ ಅದು ಹಿಡಿಸಲಿಲ್ಲ. ಚರ್ಚಿನ ಮಣ್ಣುನೆಲವನ್ನು ಹೆಂಗಸರು ಮನೆಗೊಂದು ಪಾಲಿನಂತೆ ಹಂಚಿಕೊಂಡಿದ್ದರು. ಪ್ರತಿ ಶನಿವಾರ ತಂತಮ್ಮ ಪಾಲನ್ನು ಸಗಣಿಯಿಂದ ಸಾರಿಸುತ್ತಿದ್ದರು. ಬಲಿಪೀಠದ ಮುಂದಿನದು ನಮ್ಮವ್ವನ ಪಾಲು. ಹನುಮಸಾಗರದಿಂದ ಸೊಸೆಯಾಗಿ ಬಂದ ನನ್ನ ಹೆಂಡತಿಗೆ ಅವ್ವ ಬಂಗಾರ ಕೊಡಲಿಲ್ಲ, ಆ ಪಾಲನ್ನು ಕೊಟ್ಟಳು.

"ನಿಮ್ಮ ಕಲ್ಲು ಛಲೋ ಅದಾವ್ರಿ," ಎಂದಳು ಹೆಂಡತಿ ಒಂದು ದಿನ. "ನನ್ನ ಪಾಲು ಎಲ್ಲಿ ಹೋತು?"

ನಾನು ಸಿಟ್ಟು ಮಾಡಿಕೊಂಡೆ.

ಹೊಸ ಚರ್ಚು ತೆರೆಯುವ ದಿನ ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಫರಸಿಯೇ ಕಾಣಿಸುತ್ತಿಲ್ಲ. ಹಬ್ಬದ ದಿನ ನೆಲ ಸಾರಿಸದೆ ಬಿಡುವುದು ಹೇಗೆಂದು ಹೆಂಗಸರೆಲ್ಲ ಸೇರಿ ಬಾಗಿಲಿನಿಂದ ಪೀಠದವರೆಗೆ ಸಗಣಿ ಬಳಿದಿದ್ದರು. ಮುಂದಾಳು ಯಾರೆಂದು ಕೇಳಬೇಕಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಫಾದರ್ ಬಂದು ಬಾಗಿಲಲ್ಲೇ ನಿಂತರು.

"ಈಗ ನಮ್ಮ ಗುಡಿ ಅನಿಸ್ತು ನೋಡ್ರಿ," ಎಂದರು.

ಮಣ್ಣು ನೀರು ಕುಡಿಯುತ್ತದೆ, ಕಲ್ಲು ಕುಡಿಯುವುದಿಲ್ಲ. ಬಲಿಪೂಜೆಯಲ್ಲಿ ಮೊಣಕಾಲೂರಿದವರೆಲ್ಲ ಹಸಿರು ಮೊಣಕಾಲು ಹೊತ್ತು ಎದ್ದರು. ಮೊದಲು ನಕ್ಕವರು ಫಾದರೇ. ಅವರ ಬಿಳಿ ನಿಲುವಂಗಿಯ ಅಂಚೂ ಹಸಿರಾಗಿತ್ತು. ಆಮೇಲೆ ಇಡೀ ಚರ್ಚು ನಕ್ಕಿತು, ಸಿಟ್ಟು ಮರೆತು ನಾನೂ ನಕ್ಕೆ. ಅಷ್ಟು ಸಂತೋಷದ ಪೂಜೆಯನ್ನು ನಾನು ಮತ್ತೆ ಕಂಡಿಲ್ಲ. ನಗದವಳು ನನ್ನ ಹೆಂಡತಿ ಒಬ್ಬಳೇ. ಕಲ್ಲು ತನ್ನನ್ನು ಒಲ್ಲೆ ಎಂದದ್ದು ಅವಳಿಗೆ ತಿಳಿದಿತ್ತು. ಅವಳ ಮುಖ ನೋಡಿ ನಾನೂ ನಗು ನಿಲ್ಲಿಸಿದೆ.

ಮರುದಿನ ಎಲ್ಲರೂ ನೆಲ ತೊಳೆದು ಹೋದ ಮೇಲೆ ಪೀಠದ ಮುಂದಿನ ಒಂದು ಕಲ್ಲನ್ನು ಎಬ್ಬಿಸಿ, ಆ ಜಾಗದಲ್ಲಿ ಕೆಮ್ಮಣ್ಣು ತುಂಬಿ ಬಡಿದೆ.

"ಯಾಕ, ಕಲ್ಲು ಕಡಿಮಿ ಬಿತ್ತೇನು?" ಎಂದು ಫಾದರ್ ಕೇಳಿದರು.

"ಹೌದ್ರಿ ಫಾದರ್, ಒಂದು ಕಡಿಮಿ ಬಿತ್ರಿ."

ಶನಿವಾರ ಅದನ್ನು ಸಾರಿಸಿ ಬಂದ ಹೆಂಡತಿ, ಕೈ ತೊಳೆಯುವ ಮೊದಲೇ, ನನ್ನನ್ನು ನೋಡಿ ನಕ್ಕಳು. ಎಬ್ಬಿಸಿದ ಕಲ್ಲು ನಮ್ಮ ಹಿತ್ತಲಿಗೆ ಬಂತು. ಅದರ ಮೇಲೆ ಅವಳು ಬಟ್ಟೆ ಒಗೆಯುವುದನ್ನು ಮನೆಗೆ ಬಂದಾಗ ಫಾದರ್ ನೋಡಿಯೂ ಇದ್ದರು. ಆದರೂ ಶನಿವಾರ ಸಂಜೆ ಆ ಹಸಿ ನೆಲವನ್ನು ತುಳಿಯದೆ ಸುತ್ತಿಕೊಂಡು ಪೀಠಕ್ಕೆ ಹೋಗುತ್ತಿದ್ದರು. ಪಾಪನಿವೇದನೆಯಲ್ಲಿ ಅವರ ಮುಂದೆ ಏನೇನೋ ಹೇಳಿಕೊಂಡಿದ್ದೇನೆ, ಈ ಸುಳ್ಳನ್ನು ಮಾತ್ರ ಹೇಳಿಲ್ಲ. ಅದು ಪಾಪವೆಂದು ನನಗೆ ಯಾವತ್ತೂ ಅನಿಸಿಲ್ಲ.